ಬಾಡಿಗೆ ಕಾರಿನ ಖರ್ಚು: ‘ತೋರಿಸೋಕೆ ಬರಲ್ಲ’ ಎನ್ನುವವರಿಗೆ

ಹೊಸಕೋಟೆಯ ಸಣ್ಣ ಗುತ್ತಿಗೆದಾರನ ಒಂದು ದಿನವನ್ನು ಕಣ್ಣಾರೆ ಕಂಡವರಿಗೆ ಈ ವಾದವೇ ಬೇಕಾಗುತ್ತಿರಲಿಲ್ಲ. ಬೆಳಿಗ್ಗೆ ಸೂಲಿಬೆಲೆಯಲ್ಲಿ ಶಾಲೆಯ ಕಾಂಪೌಂಡು, ಹತ್ತು ಗಂಟೆಗೆ ನಂದಗುಡಿಯಲ್ಲಿ ಚರಂಡಿ, ಮಧ್ಯಾಹ್ನ ಜಡಿಗೇನಹಳ್ಳಿ ಕಡೆ ಗೋದಾಮಿನ ನೆಲ. ಇದರ ನಡುವೆ ಎಂ.ಬಿ. (ಅಳತೆ ಪುಸ್ತಕ) ಬರೆಸಲು ಎಂಜಿನಿಯರನ್ನು ಸೈಟಿಗೆ ಕರೆತರಬೇಕು. ಬಸ್ಸು ಕಾಯುತ್ತ ಕೂತರೆ ಒಂದು ಸೈಟೂ ಮುಗಿಯದು. ಅದಕ್ಕೇ ಹಳದಿ ಬೋರ್ಡಿನ ಕಾರು ಗೊತ್ತುಮಾಡುತ್ತಾನೆ. ವರ್ಷದ ಕೊನೆಗೆ ಲೆಕ್ಕ ಬರೆಸಲು ಹೋದರೆ ‘ಅದನ್ನೆಲ್ಲ ತೋರಿಸೋಕೆ ಬರಲ್ಲ, ಬಿಡಿ’ ಎಂಬ ಉತ್ತರ ಸಿಗುತ್ತದೆ. ಬೆವರು ಸುರಿಸಿ ದುಡಿದ ಹಣ ಆ ಒಂದು ಮಾತಿನಿಂದ ತೆರಿಗೆಯಾಗಿ ಹೋಗುತ್ತದೆ. ಹಾಗೆನ್ನುವವರು ಕೊಡುವ ಕಾರಣಗಳನ್ನು ಒಂದೊಂದಾಗಿ ಮುಂದಿಡುತ್ತೇನೆ. ತೀರ್ಪು ಓದುಗರದು.

ಮೊದಲ ಕಾರಣ: ಕಾರು ಶೋಕಿ, ಬೈಕಿನಲ್ಲಿ ಹೋಗಬಹುದಿತ್ತು, ಅಗತ್ಯವಿಲ್ಲದ ಖರ್ಚನ್ನು ಕಾನೂನು ಒಪ್ಪುವುದಿಲ್ಲ. ಕಾನೂನು ಏನು ಹೇಳುತ್ತದೆಂದು ಓದಿದವರ ಮಾತಲ್ಲ ಇದು. 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಂ ಕೇಳುವುದು, ಖರ್ಚು ಪೂರ್ತಿಯಾಗಿ ವ್ಯವಹಾರಕ್ಕೆ, ಅದಕ್ಕೆಂದೇ ಆಗಿದೆಯೇ ಎಂದು. ಜೊತೆಗೆ ಅದು ಬಂಡವಾಳದ ಖರ್ಚಾಗಿರಬಾರದು, ಸ್ವಂತದ್ದೂ ಆಗಿರಬಾರದು. ‘ಅಗತ್ಯ’ ಎಂಬ ಪದ ಅಲ್ಲಿಲ್ಲ. ಅದು ಕಣ್ತಪ್ಪಿನಿಂದ ಬಿಟ್ಟುಹೋದದ್ದೂ ಅಲ್ಲ. 1961ರ ಮಸೂದೆಯಲ್ಲಿ ಆ ಪದ ಸೇರಿಸುವ ಪ್ರಯತ್ನ ನಡೆದು, ಸಾರ್ವಜನಿಕರ ವಿರೋಧ ಬಂದ ಮೇಲೆ ಅದನ್ನು ಕೈಬಿಡಲಾಯಿತು. ಸಸೂನ್ ಜೆ. ಡೇವಿಡ್ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು ಇದೇ ಇತಿಹಾಸವನ್ನು ನೆನೆದು, ಅಗತ್ಯವಿಲ್ಲದಿದ್ದರೂ ವ್ಯವಹಾರಕ್ಕಾಗಿ ಸ್ವಂತ ಇಚ್ಛೆಯಿಂದ ಮಾಡಿದ ಖರ್ಚು ಖರ್ಚೇ ಎಂದಿತು. ಅದಕ್ಕೂ ಮುಂಚೆ, 1967ರ ವಾಲ್ಚಂದ್ ಕಂಪನಿಯ ಪ್ರಕರಣದಲ್ಲಿ, ಖರ್ಚು ಸರಿಯೋ ಅಲ್ಲವೋ ಎಂಬುದನ್ನು ವ್ಯಾಪಾರಿಯ ಕಣ್ಣಿನಿಂದ ನೋಡಬೇಕೇ ಹೊರತು ಇಲಾಖೆಯ ಕಣ್ಣಿನಿಂದಲ್ಲ ಎಂದು ಅದೇ ಕೋರ್ಟು ಹೇಳಿತ್ತು. ಸಂಸತ್ತು ಬೇಡವೆಂದು ಬಿಟ್ಟ ಪದವನ್ನು ಲೆಕ್ಕ ಬರೆಯುವವರು ತಾವಾಗಿ ಸೇರಿಸಿ ಗುತ್ತಿಗೆದಾರನ ತಲೆಗೆ ಕಟ್ಟುವುದು ಯಾವ ಅಧಿಕಾರದಿಂದ?

ಎರಡನೆಯದು: ಬಾಡಿಗೆ ಕಾರಿಗೆ ಜಿಎಸ್‌ಟಿ ಕ್ರೆಡಿಟ್ ಇಲ್ಲ, ಆದ್ದರಿಂದ ಖರ್ಚೂ ಇಲ್ಲ. ಈ ವಾದದ ಮೊದಲರ್ಧ ನಿಜ. ಚಾಲಕನೂ ಸೇರಿ 13 ಸೀಟಿನೊಳಗಿನ ವಾಹನವನ್ನು ಬಾಡಿಗೆಗೆ ಪಡೆದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಜಿಎಸ್‌ಟಿಯ 17(5)ನೇ ಕಲಂ ಕ್ರೆಡಿಟ್ ತಡೆಯುತ್ತದೆ. ಆದರೆ ಅದು ಒಂದು ಕಾಯ್ದೆ, ಆದಾಯ ತೆರಿಗೆ ಇನ್ನೊಂದು. ಒಂದರಲ್ಲಿ ಬಾಗಿಲು ಮುಚ್ಚಿದೆಯೆಂದು ಇನ್ನೊಂದರಲ್ಲೂ ಬೀಗ ಹಾಕುವವರು ಇದರಿಂದ ಹೊರಡುವ ನೇರ ಪರಿಣಾಮವನ್ನು ಹೇಳುವುದೇ ಇಲ್ಲ. ಕ್ರೆಡಿಟ್ ಸಿಗದ ತೆರಿಗೆ ಬಾಡಿಗೆಯ ಬೆಲೆಯಲ್ಲೇ ಸೇರಿಕೊಳ್ಳುತ್ತದೆ. 2,000 ರೂಪಾಯಿ ಬಾಡಿಗೆಗೆ ಶೇ. 5ರಂತೆ 100 ರೂಪಾಯಿ ಜಿಎಸ್‌ಟಿ ಕೊಟ್ಟಿದ್ದರೆ, ಆದಾಯದಿಂದ ಕಳೆಯಬೇಕಾದದ್ದು 2,100. ಅವರ ಆಕ್ಷೇಪವೇ ಖರ್ಚಿನ ಮೊತ್ತವನ್ನು ಹೆಚ್ಚಿಸುತ್ತದೆ.

ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಯಾವ ಕಡಿತವೂ ಇಲ್ಲ ಎಂಬುದಕ್ಕೆ ಹೆಚ್ಚು ಮಾತು ಬೇಡ. ಅಲ್ಲಿ ಹೋಗುವುದು 80ಸಿ ಬಗೆಯ ಉಳಿತಾಯದ ರಿಯಾಯಿತಿಗಳು. ಸಿಮೆಂಟು, ಕೂಲಿ, ಡೀಸೆಲ್ ಕಳೆಯದೆ ಲಾಭ ಹೇಳುವ ಗುತ್ತಿಗೆದಾರ ಯಾವ ಪದ್ಧತಿಯಲ್ಲೂ ಇಲ್ಲ. ಕಾರಿನ ಬಾಡಿಗೆಯೂ ಆ ಸಾಲಿನದೇ. 2026ರ ಏಪ್ರಿಲ್ 1ರಿಂದ ಬಂದ 2025ರ ಕಾಯ್ದೆಯಲ್ಲಿ ಕಲಮಿನ ಸಂಖ್ಯೆಗಳು ಬದಲಾಗಿವೆ (ಇಲ್ಲಿ ಕೊಟ್ಟಿರುವ ಆದಾಯ ತೆರಿಗೆಯ ಕಲಮುಗಳು 1961ರ ಕಾಯ್ದೆಯವು), ಈ ತತ್ವ ಬದಲಾಗಿಲ್ಲ.

ಮುಂದಿನದು ಸಲಹೆಯ ರೂಪದಲ್ಲಿ ಬರುತ್ತದೆ: ಬಾಡಿಗೆ ಯಾಕೆ, ಸ್ವಂತ ಕಾರು ತಗೊಳ್ಳಿ, ಸವಕಳಿ ಸಿಗುತ್ತದೆ. ಲೆಕ್ಕ ಹಾಕೋಣ. 10 ಲಕ್ಷದ ಕಾರಿಗೆ ಸವಕಳಿ ಶೇ. 15. ಮೊದಲ ವರ್ಷ 1.5 ಲಕ್ಷ, ಅದೂ 180 ದಿನವಾದರೂ ಬಳಸಿದ್ದರೆ. ಇಲ್ಲದಿದ್ದರೆ ಅರ್ಧ. ಎರಡನೆಯ ವರ್ಷ 1,27,500, ಆಮೇಲೆ ಇನ್ನೂ ಕಡಿಮೆ. ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಅಲ್ಲ. ತಿಂಗಳಿಗೆ 15,000 ಬಾಡಿಗೆ ಕೊಟ್ಟವನಿಗೆ ಆ ವರ್ಷವೇ ಪೂರ್ತಿ 1.8 ಲಕ್ಷ ಖರ್ಚು. ಮಳೆಗಾಲದಲ್ಲಿ ಕೆಲಸ ನಿಂತರೆ ಬಾಡಿಗೆಯೂ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ವರ್ಷವಿಡೀ ಕೆಲಸವಿರುವ ದೊಡ್ಡ ಗುತ್ತಿಗೆದಾರನಿಗೆ ಸ್ವಂತ ಕಾರು ಒಳ್ಳೆಯದಿರಬಹುದು. ಬಿಲ್ಲಿಗಾಗಿ ಆರು ತಿಂಗಳು ಕಾಯುವವನ ಕೊರಳಿಗೆ ಅದು ಸಾಲದ ಹಗ್ಗ.

ಇವರ ವಾದದ ಬುಡವೇ ಕಳಚಿಬೀಳುವುದು ಮುಂದಿನ ಆಕ್ಷೇಪದಲ್ಲಿ. ಬಾಡಿಗೆ ಕಾರಿನಲ್ಲಿ ಮನೆಮಂದಿಯೂ ತಿರುಪತಿಗೆ, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುತ್ತಾರೆ, ಆದ್ದರಿಂದ ಒಟ್ಟು ಖರ್ಚನ್ನೇ ಬಿಡಬೇಕು ಎನ್ನುತ್ತಾರೆ. ತಿರುಪತಿಯ ಬಾಡಿಗೆ ಸ್ವಂತದ ಖರ್ಚು, ಅದನ್ನು ಮನೆಯ ಖಾತೆಗೇ ಬರೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಡಿಗೆ ಕಾರಿಗೆ ಪ್ರತಿ ಟ್ರಿಪ್ಪಿಗೂ ಬೇರೆ ಬಿಲ್ಲಿದೆ. ತಿರುಪತಿಯ ಬಿಲ್ಲನ್ನು ತೆಗೆದಿಟ್ಟರೆ ಸೂಲಿಬೆಲೆಯ ಬಿಲ್ಲು ಚೊಕ್ಕವಾಗಿ ಉಳಿಯುತ್ತದೆ. ಸ್ವಂತ ಕಾರಿನಲ್ಲಿ ಸೈಟಿನ ಓಟವೂ ದೇವರ ಓಟವೂ ಒಂದೇ ಟ್ಯಾಂಕಿನಲ್ಲಿ ಬೆರೆತುಹೋಗುತ್ತವೆ. ಅದಕ್ಕೇ ಕಾಯ್ದೆಯ 38(2)ನೇ ಕಲಂ ಅಂಥ ಆಸ್ತಿಯ ಸವಕಳಿಯಲ್ಲಿ ನ್ಯಾಯವಾದ ಪಾಲನ್ನಷ್ಟೇ ಕೊಡಲು ಹೇಳಿರುವುದು. ಹೀಗಿರುವಾಗ, ಸ್ವಂತ ಕಾರಿಗೆ ಪ್ರಶ್ನೆಯಿಲ್ಲದೆ ಪೂರ್ತಿ ಸವಕಳಿ ಬರೆಯುವ ಕೈಯೇ, ಬೇರ್ಪಡಿಸಬಹುದಾದ ಬಾಡಿಗೆಯನ್ನು ‘ಪರ್ಸನಲ್’ ಎಂದು ಹೊಡೆದುಹಾಕುತ್ತದೆ. ಬೆರೆತದ್ದನ್ನು ನಂಬುವ, ಬೇರೆಯಾಗಿ ನಿಂತದ್ದನ್ನು ಅನುಮಾನಿಸುವ ಈ ತರ್ಕವನ್ನು ಸಮರ್ಥಿಸಿದವರನ್ನು ನಾನು ಇನ್ನೂ ಕಂಡಿಲ್ಲ.

‘ಆರೋ ಎಂಟೋ ಪರ್ಸೆಂಟ್ ಹಾಕಿಬಿಡಿ, ತಲೆನೋವಿಲ್ಲ’ ಎಂಬುದು ಉತ್ತರವಲ್ಲ, ನುಣುಚಿಕೊಳ್ಳುವಿಕೆ. 44ಎಡಿ ಕಲಂ 2 ಕೋಟಿವರೆಗಿನ ವಹಿವಾಟಿಗೆ, ನಗದು ಶೇ. 5ರೊಳಗಿದ್ದರೆ 3 ಕೋಟಿವರೆಗೆ, ಅಂದಾಜು ಲಾಭ ತೋರಿಸಲು ಬಿಡುತ್ತದೆ: ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6, ಉಳಿದದ್ದಕ್ಕೆ ಶೇ. 8. ಆ ದಾರಿ ಹಿಡಿದ ಮೇಲೆ ಕಾರಿನ ಬಾಡಿಗೆಯನ್ನು ಮತ್ತೆ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಕಳೆಯಬಹುದೆಂದು ಹೇಳುವ ಇನ್ನೊಂದು ಗುಂಪೂ ಇದೆ, ಅವರದೂ ತಪ್ಪೇ. ಆದರೆ ಕಳೆಯಲಾಗದಿರುವುದು ಏಕೆ? ಎಲ್ಲ ಖರ್ಚನ್ನೂ ಆಗಲೇ ಕೊಟ್ಟಾಗಿದೆ ಎಂದು ಆ ಕಲಮೇ ಭಾವಿಸುವುದರಿಂದ. ಅಂದರೆ ಬಾಡಿಗೆ ಖರ್ಚೆಂದು ಅದೂ ಒಪ್ಪಿದೆ. 1.2 ಕೋಟಿ ಬ್ಯಾಂಕಿಗೆ ಬಂದವನ ಅಂದಾಜು ಲಾಭ 7.2 ಲಕ್ಷ. ನಿಜದ ಲಾಭ 5 ಲಕ್ಷವಾಗಿದ್ದರೆ 2.2 ಲಕ್ಷ ಇಲ್ಲದ ಆದಾಯಕ್ಕೆ ತೆರಿಗೆ. ಲೆಕ್ಕಪುಸ್ತಕ ಇಟ್ಟು ಹೊರಬಂದರೆ ಮುಂದಿನ ಐದು ವರ್ಷ ಆ ದಾರಿ ಮುಚ್ಚಿರುತ್ತದೆ, ಆಡಿಟ್ಟೂ ಬರಬಹುದು. ಹೀಗಾಗಿ ಎರಡನ್ನೂ ಮುಂದಿಟ್ಟು ಆಯ್ಕೆಯನ್ನು ಗುತ್ತಿಗೆದಾರನಿಗೇ ಬಿಡಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ದೂಡುವುದು ಸಲಹೆಯಲ್ಲ.

ಕೊನೆಗೆ ಉಳಿದದ್ದು: ಡ್ರೈವರ್‌ಗೆ ನಗದು ಕೊಟ್ಟದ್ದು ನಿಲ್ಲುವುದಿಲ್ಲ. 40ಎ(3) ತಡೆಯುವುದು ಒಬ್ಬರಿಗೆ ಒಂದು ದಿನದಲ್ಲಿ 10,000 ದಾಟಿದ ನಗದನ್ನು. ಒಂದು ದಿನದ ಬಾಡಿಗೆ, ಬತ್ತಾ ಸೇರಿದರೂ ಅಲ್ಲಿಗೆ ಮುಟ್ಟುವುದು ಅಪರೂಪ. ಮೂರು ತಿಂಗಳ ಬಾಕಿ 45,000ವನ್ನು ಒಮ್ಮೆಗೇ ಕೈಗೆ ಕೊಟ್ಟರೆ ಮಾತ್ರ ಅಷ್ಟೂ ಹೋಗುತ್ತದೆ. ಹಿಂದಿನ ವರ್ಷ 1 ಕೋಟಿ ವಹಿವಾಟು ದಾಟಿದವರು ಒಂದೇ ಕಾರಿನವರಿಗೆ ವರ್ಷಕ್ಕೆ ಲಕ್ಷ ಮೀರಿ ಕೊಟ್ಟರೆ ಟಿಡಿಎಸ್ ಮುರಿಯಬೇಕು. ಪ್ಯಾನ್ ಕೊಟ್ಟರೆ ಸಾಕೆಂಬ ರಿಯಾಯಿತಿ ಲಾರಿಗಳಿಗೆ, ಕಾರಿಗಲ್ಲ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದನ್ನು ನಾನು ಸಮರ್ಥಿಸುತ್ತಿಲ್ಲ, ಅದಕ್ಕೆ ಪರ್ಮಿಟ್ಟೂ ಇಲ್ಲ, ಬಿಲ್ಲೂ ಇಲ್ಲ. ಹಳದಿ ಬೋರ್ಡಿನ ಕಾರು, ಬ್ಯಾಂಕಿನಿಂದ ಪಾವತಿ, ಊರು ಮತ್ತು ಕಿಲೋಮೀಟರು ಬರೆದ ಟ್ರಿಪ್ ಶೀಟು ಇದ್ದರೆ ಸಾಕು. ಇಷ್ಟಾದ ಮೇಲೂ ಆ ಕಾರು ನಿಜವಾಗಿ ಸೈಟಿಗೇ ಹೋಗಿತ್ತೇ ಎಂದು ಕೇಳುವವರು ಎಂ.ಬಿ. ತೆರೆದು ನೋಡಲಿ. ನಂದಗುಡಿಯ ಚರಂಡಿಯ ಅಳತೆ ಬರೆದ ತಾರೀಖು ಅಲ್ಲಿದೆ, ಕೆಳಗೆ ಎಂಜಿನಿಯರ ಸಹಿಯಿದೆ. ಅದೇ ತಾರೀಖಿನ ಟ್ರಿಪ್ ಶೀಟಿನಲ್ಲೂ ನಂದಗುಡಿ ಎಂದೇ ಬರೆದಿದೆ.