ಸಹಿಗೆ ಆಗದವಳು ಶವಕ್ಕೆ ಹೇಗಾದಳು?

ಮಾನ್ಯ ಕೇಂದ್ರ ಸಂಪುಟ ಕಾರ್ಯದರ್ಶಿಗಳಿಗೆ,

2023ರ ಮೇ 3ರಂದು ಸುಪ್ರೀಂ ಕೋರ್ಟಿನಲ್ಲಿ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಸರ್ಕಾರದ ಪರವಾಗಿ ಒಂದು ಮಾತು ಕೊಟ್ಟಿದ್ದರು. ಮದುವೆಯ ಮಾನ್ಯತೆ ಬೇರೆ ಪ್ರಶ್ನೆ, ಸಲಿಂಗ ಜೋಡಿಗಳ ದಿನನಿತ್ಯದ ತೊಡಕುಗಳನ್ನು ಬಿಡಿಸಲು ಮಾತ್ರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸುತ್ತೇವೆ ಎಂದು. ಈ ಪತ್ರ ಆ ಮಾತಿನ ಬಗ್ಗೆಯೇ.

ಹಿನ್ನೆಲೆ ತಮಗೂ ಗೊತ್ತು, ಓದುವವರಿಗೂ ಗೊತ್ತು. 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ ಹೋಯಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಒಟ್ಟಿಗೆ ಬಾಳುವುದಕ್ಕಾದರೂ ಕಾನೂನಿನ ಮಾನ್ಯತೆ ಇರಲಿ ಎಂದವರು ಇಬ್ಬರು, ಬೇಡವೆಂದವರು ಮೂವರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಹೀಗೆ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ತಮ್ಮ ಸಮಿತಿಯೊಂದೇ. ಅದರ ರಚನೆಗೂ ತೀರ್ಪಿನ ನಂತರ ಆರು ತಿಂಗಳು ಹಿಡಿಯಿತು.

ಈಗ ಬೆಂಗಳೂರಿನ ಮಾತು. ಒಂದೇ ಮನೆಯಲ್ಲಿ, ಒಂದೇ ಅಡುಗೆಯಲ್ಲಿ ವರ್ಷಗಳಿಂದ ಬಾಳುತ್ತಿರುವ ಇಬ್ಬರು ಹೆಂಗಸರು. ಸ್ಕೂಟರ್ ಅಪಘಾತವಾಗಿ ಒಬ್ಬಾಕೆಗೆ ಪ್ರಜ್ಞೆ ತಪ್ಪಿತು. ಆಸ್ಪತ್ರೆಯಲ್ಲಿ “ಪೇಷಂಟ್ ಕಡೆಯವರು ಯಾರು?” ಎಂದಾಗ ಎದ್ದು ನಿಂತಾಕೆಗೆ, ಆಪರೇಷನ್ ಒಪ್ಪಿಗೆ ಪತ್ರಕ್ಕೆ ರಕ್ತಸಂಬಂಧಿಯ ಸಹಿಯೇ ಬೇಕೆಂಬ ಉತ್ತರ ಸಿಕ್ಕಿತು. ಅಡ್ವಾನ್ಸ್ ದುಡ್ಡು ಕಟ್ಟಿಸಿಕೊಳ್ಳುವಾಗ ಮಾತ್ರ ಸಂಬಂಧ ಯಾರೂ ಕೇಳಲಿಲ್ಲ. ತಂಗಿಯ ಜೊತೆ ಮಾತುಬಿಟ್ಟಿದ್ದ ಅಣ್ಣ ಶಿರಸಿಯಿಂದ ಬಂದು ಸಹಿ ಹಾಕುವವರೆಗೆ ಎಲ್ಲರೂ ಕಾದರು. ಗಾಯಾಳು ಬದುಕಿದ್ದಾರೆ. ಆಸ್ಪತ್ರೆಗೆ ದೂರು ಕೊಟ್ಟರೆ ಸ್ವೀಕೃತಿ ಪತ್ರ ಬಂತು. ಮೇಲಿನವರನ್ನು ಕೇಳಿದರೆ “ರೂಲ್ಸ್ ಇಲ್ಲ ಮೇಡಂ” ಎಂಬ ಬಾಯಿಮಾತು.

ಸಮಿತಿ ಕೈಕಟ್ಟಿ ಕೂತಿತ್ತು ಎಂದರೆ ಸುಳ್ಳಾದೀತು. ಸಂಗಾತಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಕುಟುಂಬವೆಂದು ನೋಡಬೇಕು, ಜಂಟಿ ಖಾತೆಗೂ ನಾಮನಿರ್ದೇಶನಕ್ಕೂ ಬ್ಯಾಂಕುಗಳಲ್ಲಿ ತಡೆಯಿಲ್ಲ ಎಂದು 2024ರಲ್ಲಿ ಹೇಳಲಾಯಿತು. ಆರೋಗ್ಯ ಸಚಿವಾಲಯವೂ ರಾಜ್ಯಗಳಿಗೆ ಪತ್ರ ಬರೆಯಿತು. ಹತ್ತಿರದ ಬಂಧುಗಳು ಇಲ್ಲದಿದ್ದಾಗ ಸಂಗಾತಿ ಶವವನ್ನು ಪಡೆಯಬಹುದಂತೆ.

ಶವವನ್ನು! ಉಸಿರಾಡುತ್ತಿರುವವಳ ಪರವಾಗಿ ಸಹಿ ಹಾಕಲಾಗದವಳು ಅವಳು ಸತ್ತರೆ ವಾರಸುದಾರಳು, ಅದೂ ಅಣ್ಣ ಬಾರದಿದ್ದರೆ. ದಿನನಿತ್ಯದ ತೊಡಕು ಬಿಡಿಸುತ್ತೇವೆ ಎಂದಿದ್ದಿರಲ್ಲ, ದಿನನಿತ್ಯ ಬದುಕಿರುವವರಿಗೆ ತಾನೆ ತೊಡಕು?

ಮದುವೆಯಾಗದಿದ್ದರೂ ಕುಟುಂಬ ಆಗಬಹುದು ಎಂದು ಮದ್ರಾಸ್ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಮನೆಯವರು ಕೂಡಿಹಾಕಿದ್ದ ಯುವತಿಯನ್ನು ಅವಳ ಇಚ್ಛೆಯಂತೆ ಸಂಗಾತಿಯೊಂದಿಗೆ ಕಳಿಸಿತು. ಇಬ್ಬರು ನ್ಯಾಯಮೂರ್ತಿಗಳಿಗೆ ಅರ್ಥವಾದದ್ದು ಗೃಹ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಶಾಸನ, ಸಾಮಾಜಿಕ ನ್ಯಾಯ ಇಷ್ಟೂ ಇಲಾಖೆಗಳ ಕಾರ್ಯದರ್ಶಿಗಳು ಕೂತರೂ ನಿಮ್ಮ ಸಮಿತಿಗೆ ಅರ್ಥವಾಗುವುದಿಲ್ಲವೇ?

ತೆರಿಗೆ ಇಲಾಖೆಗಂತೂ ಬೆಂಗಳೂರಿನ ಆ ಇಬ್ಬರು ಅಪರಿಚಿತರೇ. ಗಂಡ ಹೆಂಡತಿಗೆ ಎಷ್ಟೇ ಉಡುಗೊರೆ ಕೊಟ್ಟರೂ ಪಡೆದವಳಿಗೆ ತೆರಿಗೆಯಿಲ್ಲ. ಈ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳಿಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಟ್ಟರೆ ಅದು ಪಡೆದವಳ ಆದಾಯ. ಇದನ್ನು ಪ್ರಶ್ನಿಸಿ ಸಲಿಂಗ ಜೋಡಿಯೊಂದು 2025ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಪಿಂಚಣಿ, ದತ್ತು, ಆಸ್ತಿ, ಒಂದೊಂದಕ್ಕೂ ಒಂದೊಂದು ಕೋರ್ಟು, ಒಬ್ಬೊಬ್ಬ ವಕೀಲ. ಫೀಸು ಯಾರು ಕೊಡುತ್ತಾರೆ? ಇನ್ನು ಆಸ್ಪತ್ರೆಯ ಸಹಿಯ ಮಾತಿಗೆ ಬಂದರೆ, ಆರೋಗ್ಯ ರಾಜ್ಯದ ವಿಷಯ ಎಂದು ನೀವು ಬೆಂಗಳೂರಿನತ್ತ ಬೆರಳು ತೋರಿಸಿದರೆ ಅದೂ ಒಪ್ಪಲೇಬೇಕಾದ ಮಾತು. ವಿಧಾನಸೌಧಕ್ಕೂ ಒಂದು ಸುತ್ತೋಲೆ ಹೊರಡಿಸಲು ದೆಹಲಿಯ ಅಪ್ಪಣೆ ಬೇಕಿರಲಿಲ್ಲ.

ಆದರೆ ಕೋರ್ಟಿನ ಮುಂದೆ ಮಾತು ಕೊಟ್ಟದ್ದು ಕರ್ನಾಟಕ ಸರ್ಕಾರವಲ್ಲ. ಸಮಿತಿಯ ವರದಿಯನ್ನು ಜನರ ಮುಂದಿಡಿ. ರೋಗಿ ಹೆಸರಿಸಿದ ಸಂಗಾತಿಯ ಸಹಿಯನ್ನು ಆಸ್ಪತ್ರೆಗಳು ಒಪ್ಪಲೇಬೇಕೆಂದು ಬರೆಯಿಸಿ, ಒಪ್ಪದಿದ್ದರೆ ದಂಡವೆಷ್ಟು ಎಂಬುದನ್ನೂ ಸೇರಿಸಿ. ಗಾಯಗೊಂಡಾಕೆಗೆ ಇನ್ನೊಂದು ಆಪರೇಷನ್ ಬಾಕಿಯಿದೆ. ಅಷ್ಟರೊಳಗೆ ಆಗುತ್ತದೋ ಇಲ್ಲವೋ, ಅದನ್ನಾದರೂ ತಿಳಿಸಿ.

ಇಂತಿ,
ಆ ಇಬ್ಬರ ನೆರೆಮನೆಯವರು, ಬೆಂಗಳೂರು