ಮೊದಲು ಥಾಳಿಯ ಬಾಕಿ ಕೊಡಿ

ಪುಣೆಯ ವಾರಜೆ ನಾಕಾದಂಥ ಮಜೂರ್ ಅಡ್ಡಾಗಳಲ್ಲಿ ಬೆಳಿಗ್ಗೆ ಕೂಲಿಗೆ ಕಾದು ನಿಲ್ಲುವವರಲ್ಲಿ ನಮ್ಮ ಕಲಬುರಗಿ, ವಿಜಯಪುರ ಕಡೆಯವರೂ ಇದ್ದಾರೆ. ಎಷ್ಟೋ ಜನರ ರೇಷನ್ ಕಾರ್ಡು ಊರಲ್ಲಿ ಅವ್ವ-ಅಪ್ಪನ ಹತ್ತಿರ. ಈಗ ಬೇರೆ ರಾಜ್ಯದಲ್ಲೂ ರೇಷನ್ ಪಡೆಯಬಹುದು, ನಿಜ. ಆದರೆ ಒಲೆಯೇ ಇಲ್ಲದವನು ಅಕ್ಕಿ ಒಯ್ದು ಏನು ಮಾಡಬೇಕು? ಅವನಿಗೆ ಬೇಕಾದದ್ದು ಬೇಯಿಸಿದ ಊಟ.

2020ರ ಜನವರಿ 26ರಂದು ಮಹಾರಾಷ್ಟ್ರ ಸರ್ಕಾರ ಆರಂಭಿಸಿದ ಶಿವಭೋಜನ ಥಾಳಿ ಕೊಟ್ಟದ್ದು ಅದನ್ನೇ: ಎರಡು ಚಪಾತಿ, ಪಲ್ಯ, ಅನ್ನ, ಬೇಳೆ. ಉಣ್ಣುವವರು ಕೊಡುವುದು 10 ರೂಪಾಯಿ. ನಗರದಲ್ಲಿ ಒಂದು ಥಾಳಿಗೆ ಸರ್ಕಾರ 40 ರೂಪಾಯಿ ಸೇರಿಸಬೇಕು. ಲಾಕ್‌ಡೌನಿನಲ್ಲಿ ದರ 5 ರೂಪಾಯಿಗೆ ಇಳಿಯಿತು, 2021ರಲ್ಲಿ ಕೆಲವು ತಿಂಗಳು ಪುಕ್ಕಟೆಯೇ ಆಯಿತು.

ಈಗ ಆ 40 ರೂಪಾಯಿಯೇ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಬಿಲ್ಲು ತಿಂಗಳುಗಟ್ಟಲೆ ಬಾಕಿ ಉಳಿದು ಥಾಳಿ ಕೇಂದ್ರ ನಡೆಸುವವರು ಬೀದಿಗಿಳಿದಿದ್ದಾರೆ. ಅವರಲ್ಲಿ ಮಹಿಳಾ ಸ್ವಸಹಾಯ ಸಂಘಗಳಾದ ಬಚತ್ ಗಟ್‌ಗಳೂ ಇವೆ. ಹಿಟ್ಟು, ಬೇಳೆ, ಸಿಲಿಂಡರ್ ಎಲ್ಲವನ್ನೂ ಅವರು ಎಷ್ಟು ದಿನ ಉದ್ರಿ ತರಬೇಕು? 2024ರಲ್ಲಿ ಬಂದ ಲಾಡಕಿ ಬಹೀಣ್ ಯೋಜನೆಯ ಹೊರೆಯನ್ನು ಈ ಬಾಕಿಗೆ ಕಾರಣವಾಗಿ ತೋರಿಸುವವರಿದ್ದಾರೆ. ಆ ಯೋಜನೆ ಹೆಣ್ಣುಮಕ್ಕಳಿಗೆ ತಿಂಗಳಿಗೆ ಕೊಡುವ 1,500 ರೂಪಾಯಿಗೂ ಕೂಲಿಯವನ ಊಟಕ್ಕೂ ಜಗಳ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಚಪಾತಿ ಲಟ್ಟಿಸುತ್ತಿರುವವರೂ ಅದೇ ಹೆಣ್ಣುಮಕ್ಕಳಲ್ಲವೇ?

‘ಇವೆಲ್ಲ ಬಿಟ್ಟಿ ಭಾಗ್ಯ, ಸುಳ್ಳು ಲೆಕ್ಕ’ ಎನ್ನುವವರಿಗೂ ಒಂದು ಮಾತು. ಸುಳ್ಳು ಲೆಕ್ಕ ಬರೆದವರ ಕೇಂದ್ರ ಮುಚ್ಚಿಸಿ, ನನ್ನ ತಕರಾರಿಲ್ಲ. 1995ರಲ್ಲಿ ಒಂದು ರೂಪಾಯಿಗೆ ಆರಂಭವಾದ ಝುಣಕಾ-ಭಾಕರ್ ಕೇಂದ್ರಗಳು ಎಷ್ಟೋ ಕಡೆ ಬೇರೆ ತಿಂಡಿ ಅಂಗಡಿಗಳಾಗಿ ಬದಲಾದದ್ದನ್ನು ಮಹಾರಾಷ್ಟ್ರ ಕಂಡಿದೆ. ಆದರೆ ಕಷ್ಟಪಟ್ಟು ದುಡಿಯುವವರ ಅಡುಗೆಮನೆಯನ್ನು ನೆಟ್ಟಗೆ ನಡೆಸಬಹುದು ಎಂಬುದಕ್ಕೂ ಪುಣೆಯೇ ಸಾಕ್ಷಿ. ಕಾರ್ಮಿಕ ನಾಯಕ ಬಾಬಾ ಆಢಾವ ಕಟ್ಟಿದ ಹಮಾಲರ ಸಂಘ ಹಮಾಲ ಪಂಚಾಯತಿಯ ‘ಕಷ್ಟಾಚೀ ಭಾಕರ್’ 70ರ ದಶಕದಿಂದಲೂ ಲಾಭ ಬೇಡ, ನಷ್ಟವೂ ಬೇಡ ಎಂಬ ಲೆಕ್ಕದಲ್ಲಿ ನಡೆದಿದೆ. ಮೂಟೆ ಹೊರುವವರೇ ಸೇರಿ ನಡೆಸಿದ ಅಡುಗೆಮನೆ ಅದು. ಅಲ್ಲಿ ಉಂಡವರು ಯಾರ ಮುಂದೆಯೂ ಕೈಯೊಡ್ಡಿಲ್ಲ.

ಶಿವಭೋಜನದಲ್ಲೂ ಹತ್ತು ರೂಪಾಯಿ ಎಣಿಸಿ ಕೊಟ್ಟೇ ಉಣ್ಣುವುದು. ಉಣ್ಣುವವನು ತನ್ನ ಪಾಲು ಕೈಯಲ್ಲೇ ಕೊಡುತ್ತಾನೆ. ಸರ್ಕಾರ ಪ್ರತಿ ತಿಂಗಳ ತನ್ನ ಪಾಲನ್ನು ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಕೊಡಲಿ, ಹಳೆಯ ಬಾಕಿಯನ್ನು ಈ ತಿಂಗಳೇ ತೀರಿಸಲಿ.