ವಿರೋಧೀ ಹಿಂಸೆಯ ಮೇರೆ ಎಲ್ಲಿಯವರೆಗೆ?

ಯುದ್ಧದ ಮಾತು ಬಂದಾಗಲೆಲ್ಲ ನಮ್ಮ ಕೆಲವು ವಿದ್ವನ್ಮಿತ್ರರು ‘ವಿರೋಧೀ ಹಿಂಸೆ’ ಎಂಬ ಪದವನ್ನು ಗುರಾಣಿಯಂತೆ ಮುಂದೊಡ್ಡುತ್ತಾರೆ. ಆಕ್ರಮಣವನ್ನು ತಡೆಯಲು ಗೃಹಸ್ಥನು ಆಯುಧ ಹಿಡಿಯುವುದನ್ನು ಶ್ರಾವಕಧರ್ಮ ಸಹಿಸುತ್ತದೆ, ನಿಜ. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆರಗಿತು, ಅಮೆರಿಕ ಎದುರಿಸಿತು. ಇಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಮುಂದೆ ನಡೆದುದೆಲ್ಲವನ್ನೂ ಅದೇ ಖಾತೆಗೆ ಬರೆಯಬಹುದೆ?

ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪವನ್ನೇ ನೋಡೋಣ. ಫಿಲಿಪ್ಪೀನ್ಸಿನತ್ತ ಸಾಗುವ ಸೇನೆಯ ಪಾರ್ಶ್ವರಕ್ಷಣೆಗಾಗಿ ಅಲ್ಲಿನ ವಿಮಾನನೆಲೆ ಬೇಕೆಂದರು. ಆ ದಂಡಯಾತ್ರೆಯನ್ನು ಕೈಬಿಡಬಹುದೆಂದು ಅಡ್ಮಿರಲ್ ಹಾಲ್ಸಿ ಮುಂಚೆಯೇ ಸೂಚಿಸಿದ್ದರು. ಪಡೆಗಳು ಆಗಲೇ ಸಮುದ್ರದಲ್ಲಿದ್ದವು. ಮೇಲಧಿಕಾರಿ ನಿಮಿಟ್ಜ್ ಒಪ್ಪಲಿಲ್ಲ. 1944ರ ಸೆಪ್ಟೆಂಬರ್ 15ರಂದು ಮೆರೀನ್ ಸೈನಿಕರು ಇಳಿದರು. ಕೆಲವೇ ದಿನಗಳ ಕೆಲಸವೆಂದಿದ್ದರು ದಳಪತಿ ರೂಪರ್ಟಸ್; ಎರಡು ತಿಂಗಳು ಮೀರಿತು. ಸುಣ್ಣಕಲ್ಲಿನ ಗವಿಗಳಲ್ಲಿ ಅಡಗಿದ್ದವರನ್ನು ಬೆಂಕಿಯುಗುಳುವ ಯಂತ್ರಗಳಿಂದ ಸುಟ್ಟರು, ಗವಿಬಾಯಿಗಳನ್ನು ಸಿಡಿಸಿ ಮುಚ್ಚಿದರು. 10,000ಕ್ಕೂ ಮಿಕ್ಕಿ ಜಪಾನೀಯರು ಸತ್ತರು. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮೊದಲಿಗಿಟ್ಟರು. ಹಡಗು ಹೊರಟಿದೆಯೆಂಬ ಕಾರಣಕ್ಕೆ ಸಾವಿರಾರು ಜೀವಗಳನ್ನು ಪಣಕ್ಕಿಡುವುದು ಪ್ರಮಾದವಲ್ಲದೆ ಮತ್ತೇನು?

ಅಲ್ಲಿ ಹೋರಾಡಿದ ಯೂಜೀನ್ ಸ್ಲೆಜ್ ಎಂಬ ಮೆರೀನ್ ಸೈನಿಕರು 1981ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥದಲ್ಲಿ, ಇನ್ನೂ ಜೀವವಿದ್ದ ಜಪಾನೀ ಗಾಯಾಳುವಿನ ಬಾಯಿಂದ ಚಿನ್ನದ ಹಲ್ಲನ್ನು ಚೂರಿಯಿಂದ ಕೀಳಲೆತ್ನಿಸಿದ ತಮ್ಮವನೊಬ್ಬನನ್ನು ಬಣ್ಣಿಸಿದ್ದಾರೆ. ಇದು ಯಾವ ಆಕ್ರಮಣದ ತಡೆ? ಇದು ಸಂಕಲ್ಪೀ ಹಿಂಸೆ, ಜೊತೆಗೆ ಚೌರ್ಯ.

ಶತ್ರುವಿಗೆ ಮಾತು ನಾಟದು ಎನ್ನುವವರುಂಟು. ಯುದ್ಧ ಮುಗಿದ ಮೇಲೂ ಆ ಗವಿಗಳಲ್ಲೇ ಉಳಿದಿದ್ದ 34 ಜಪಾನೀಯರು 1947ರ ಏಪ್ರಿಲಿನಲ್ಲಿ ಶರಣಾದರು. ಅವರ ದೇಶದ್ದೇ ಅಡ್ಮಿರಲ್ ಒಬ್ಬರನ್ನು ಕರೆತಂದು, ಯುದ್ಧ ಮುಗಿದಿದೆಯೆಂದು ಹೇಳಿಸಿದ್ದರು.